ಕೈಹೊಲಿಗೆಯ ಹನ್ನೆರಡು ಚೀಲ

ಇದನ್ನು ಹೇಳದೆ ಬಹಳ ವರ್ಷ ತಳ್ಳಿದ್ದೇನೆ. ಆಗ ದೇವದುರ್ಗದ ಪಡಿತರ ಗೋದಾಮಿಗೆ ನಾನು ಮ್ಯಾನೇಜರ್. ಐದು ಚಾವಿಗಳ ಗೊಂಚಲು ಕಾವಲುಗಾರನ ಉಡಿದಾರದಲ್ಲಿ ಇರುತ್ತಿತ್ತು. ಎಮ್ಮೆಯ ಬೆನ್ನು ತಟ್ಟುವಂತೆ ಪ್ರತಿ ಚೀಲವನ್ನೂ ತಟ್ಟಿ ಒಳಗೆ ಬಿಡುತ್ತಿದ್ದ. ಚಹಾದ ಜೊತೆ ಎರಡು ಬಿಸ್ಕೀಟು ಕೊಟ್ಟರೂ "ಎಣಿಸಿ ತಗೊಳ್ರಿ, ಎಣಿಸಿ ಕೊಡ್ರಿ" ಎಂದು ನಗುತ್ತಿದ್ದ.

ಒಮ್ಮೆ ಆತ ಎರಡು ದಿನ ಊರಿಗೆ ಹೋದಾಗ ಗೊಂಚಲು ನನ್ನ ಬಳಿ ಇತ್ತು. ಹನ್ನೆರಡು ಚೀಲ ಅಕ್ಕಿಯನ್ನು ಮಾನ್ವಿಯ ವ್ಯಾಪಾರಿಗೆ ಮಾರಿದೆ. ಆತನ ರಜೆಯನ್ನು ಎಲ್ಲಿಯೂ ಬರೆಯಲಿಲ್ಲ. ತಪಾಸಣೆಯ ಸುದ್ದಿ ಬಂದೊಡನೆ ಆತನನ್ನು ಕರೆದೆ.

"ಹನ್ನೆರಡು ಚೀಲ ಕಮ್ಮಿ ಅದಾವ. ತುಂಬಿಬಿಡು, ಕೇಸ್ ಆಗಂಗಿಲ್ಲ."

"ನಾ ಒಂದು ಕಾಳು ಮುಟ್ಟಿಲ್ರೀ ಸಾಹೇಬ್ರ."

"ನನಗ ಗೊತ್ತದಪಾ. ಬರೋರಿಗೆ ಗೊತ್ತಿಲ್ಲಲ್ಲ. ಚಾವಿ ಇರೋದು ನಿನ್ನ ಉಡಿದಾರದಾಗ."

ಆತ ಕಲ್ಲೂರಿನ ತನ್ನ ಮನೆಯಿಂದ ವರ್ಷದ ಊಟದ ಅಕ್ಕಿ ತಂದು ತುಂಬಿ, ಚೀಲಗಳ ಬಾಯಿಯನ್ನು ಕೈಯಿಂದ ಹೊಲಿದ. ಉಳಿದವೆಲ್ಲ ಯಂತ್ರದ ಹೊಲಿಗೆಯವು.

"ಇವು ಯಾರವು?" ತಪಾಸಣೆಗೆ ಬಂದ ಅಧಿಕಾರಿ ಕೇಳಿದರು.

"ನನ್ನವು ರೀ," ಎಂದು ಆತ ನನ್ನತ್ತ ನೋಡಿದ. ನಾನು ರಿಜಿಸ್ಟರ್ ನೋಡಿದೆ.

ಪೊಲೀಸರು ಕರೆದೊಯ್ಯುವಾಗ ಚಾವಿಗಳನ್ನು ನನ್ನ ಕೈಗಿಟ್ಟ.

"ಎಣಿಸಿ ತಗೊಳ್ರಿ."

ಎಣಿಸಿದೆ. ಐದೂ ಇದ್ದವು.

ರಾಯಚೂರಿನ ಕೋರ್ಟಿನಲ್ಲಿ ಆ ಚೀಲಗಳೇ ಸಾಕ್ಷಿಯಾದವು. ಕದಿಯದವನು ಯಾಕೆ ತುಂಬುತ್ತಾನೆ ಎಂದು ಸರ್ಕಾರಿ ವಕೀಲರು ಕೇಳಿದರು. ತುಂಬಿಕೊಟ್ಟರೂ ದುರುಪಯೋಗದ ಅಪರಾಧ ಅಳಿಯುವುದಿಲ್ಲವೆಂದು ನನಗೆ ಮೊದಲೇ ತಿಳಿದಿತ್ತು. ಆತನಿಗೆ ಮೂರು ವರ್ಷ ಸಜೆಯಾಯಿತು.

ತಪ್ಪಾಯಿತೆಂದು ದೇವರೆದುರು ಎಷ್ಟೋ ಸಲ ಹೇಳಿದ್ದೇನೆ. ಹೇಳದೆ ಉಳಿದದ್ದು ಒಬ್ಬನಿಗೆ, ದೇವದುರ್ಗದ ಗೋದಾಮಿನ ಕಾವಲುಗಾರನಿಗೆ.