ಶಾಕ್ ಅಬ್ಸಾರ್ಬರಿಗೆ ಇಟ್ಟ ಕುಂಕುಮ

ನೀರುದೋಸೆಗೆಂದು ಎರಡು ಪಾವು ಬೆಳ್ತಿಗೆ ಅಕ್ಕಿ ತೊಳೆಯುತ್ತಿದ್ದೆ. ಎರಡನೆಯ ನೀರು ಬಸಿಯುವಾಗ ಮೈದುನನ ಫೋನು ಬಂತು. ಬೆಳಿಗ್ಗೆಯೇ ಅವನು ನಮ್ಮ ಕಾರನ್ನು ಡೊಂಬಿವಲಿಯಿಂದ ಕಳಂಬೋಲಿಯ ಗ್ಯಾರೇಜಿಗೆ ಒಯ್ದಿದ್ದ.

"ಅತ್ತಿಗೆ, ಹೊಸ ಸಸ್ಪೆನ್ಶನ್ ಹಾಕಿ ಆಯ್ತು. ಆದ್ರೆ ಗಾಡಿ ಸರಿ ಇಲ್ಲ. ಒಂದು ಬದಿ ಕಲ್ಲು, ಇನ್ನೊಂದು ಬದಿ ತೊಟ್ಟಿಲು. ಇದ್ರಲ್ಲಿ ಅಣ್ಣನ್ನ ಕೂರಿಸ್ಲಿಕ್ಕೆ ನಂಗೆ ಧೈರ್ಯ ಇಲ್ಲ."

ಒದ್ದೆ ಕೈಯಲ್ಲೇ ನಿಂತುಬಿಟ್ಟೆ. ಅದೇ ಸಂಜೆ ನಾಲ್ಕಕ್ಕೆ ನವಿ ಮುಂಬಯಿಯ ಆಸ್ಪತ್ರೆಯಲ್ಲಿ ನಮ್ಮವರನ್ನು ಡಾಕ್ಟರಿಗೆ ತೋರಿಸಬೇಕಿತ್ತು. ಬೆನ್ನುಮೂಳೆಯ ಆಪರೇಶನ್ ಆಗಿ ಮೂರು ವಾರ. ಮನೆಗೆ ಕರೆತಂದ ದಿನ ಶಿಳ್‌ಫಾಟಾ ರಸ್ತೆಯ ಒಂದು ದೊಡ್ಡ ಗುಂಡಿಗೆ ಕಾರು ಬಿದ್ದಾಗ ಅವರು ಕೂಗಿದ ಕೂಗು ನನ್ನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅಂಬರನಾಥದ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದವರು, ಯಂತ್ರಕ್ಕೆ ಬೆರಳು ಜಜ್ಜಿದಾಗಲೂ ಕೂಗದವರು. "ಜರ್ಕ್ ಆಗ್ಬಾರ್ದು" ಎಂದಿದ್ದರು ಡಾಕ್ಟರು. ಆ ರಸ್ತೆಗೆ ಅದನ್ನು ಹೇಳುವವರು ಯಾರು?

ಆಮೇಲೆಯೇ ನಮ್ಮವರು ಮಲಗಿದಲ್ಲಿಂದ ಮೊಬೈಲಿನಲ್ಲಿ ಸಸ್ಪೆನ್ಶನ್ ಹುಡುಕತೊಡಗಿದ್ದು. ಕಾರಿನದು ಸತ್ತೇ ಹೋಗಿತ್ತು. ಕಂಪನಿಯದನ್ನೇ ಹಾಕಿಸುವ ಎಂದು ಮೈದುನ. ಬೇಡ, ಹೆಚ್ಚುಕಮ್ಮಿ ಮಾಡಲು ಬರುವಂಥದ್ದೇ ಆಗಬೇಕು ಎಂದು ಇವರು. ನನಗೂ ತಿಳಿಸಿ ಹೇಳಿದರು: "ಸ್ಪ್ರಿಂಗ್ ಪೆಟ್ಟು ತಿಂತದೆ. ತಿಂದ ಮೇಲೆ ಕುಣೀತಾ ಇರ್ತದಲ್ಲ, ಅದನ್ನ ಹಿಡಿದು ಕೂರಿಸುವುದು ಶಾಕ್ ಅಬ್ಸಾರ್ಬರ್. ಮೇಲಿನ ತಿರುಪು ತಿರುಗಿಸಿದ್ರೆ ಗಟ್ಟಿ ಬೇಕಾ ಗಟ್ಟಿ, ಮೆದು ಬೇಕಾ ಮೆದು."

ಎಷ್ಟು ಗಟ್ಟಿ, ಎಷ್ಟು ಮೆದು ಎಂದು ಮಲಗಿದವರು ಹೇಗೆ ಹೇಳಿಯಾರು? ನಾನೇ ಮೈದುನನ ಜೊತೆ ಕಲ್ಯಾಣದ ಅಂಗಡಿಗೆ ಹೋದೆ. "ಗಾಡಿ ನೀಚೆ ಕರ್ನಾ ಹೈ ಕ್ಯಾ, ಭಾಭಿ?" ಎಂದ ಅಂಗಡಿಯವ. ಅಲ್ಲಿಗೆ ಬರುವವರೆಲ್ಲ ಕಾರನ್ನು ನೆಲಕ್ಕೆ ತಾಗುವಷ್ಟು ಇಳಿಸುವ ಶೋಕಿಯವರಂತೆ. ನಾನು ಚೀಲದಿಂದ ಚೆಂಬು ತೆಗೆದು, ಕುತ್ತಿಗೆಯವರೆಗೆ ನೀರು ತುಂಬಿಸಿ, ತೋರಿಸಲೆಂದು ಅವನು ಇಟ್ಟಿದ್ದ ಕಾರಿನಲ್ಲಿ ಹಿಂದೆ ಕೂತೆ.

"ಅಭಿಷೇಕ ಯಾರಿಗೆ ಅತ್ತಿಗೆ?" ಎಂದು ಮೈದುನ ನಕ್ಕ.

ನಗಲಿ. ತಿರುಪು ಪೂರ್ತಿ ಗಟ್ಟಿ ಮಾಡಿ ಅಂಗಡಿಯವ ಓಡಿಸಿದಾಗ ರಸ್ತೆಯ ಮೊದಲ ಉಬ್ಬಿಗೇ ನೀರು ಎಗರಿ ಸೀರೆಗೆ ಬಿತ್ತು. ಪೂರ್ತಿ ಮೆದು ಮಾಡಿದಾಗ ಮೊದಲ ಏಟಿಗೆ ಏನೂ ಆಗಲಿಲ್ಲ. ಆಮೇಲೆ ತೂಗಿ ತೂಗಿ ಚೆಲ್ಲಿತು. ಮೆದುವಿನ ಕೊನೆಯಿಂದ ಹನ್ನೆರಡು 'ಟಿಕ್' ತಿರುಗಿಸಿದಾಗ ಮಾತ್ರ ನೀರು ಬರೀ ನಡುಗಿತು. ಇದೇ ಕೊಡಿ ಎಂದೆ.

ಚಕ್ರಕ್ಕೆ ಒಂದರಂತೆ ನಾಲ್ಕು ಮನೆಗೆ ಬಂದವು. ಹೊಸ ಮಿಕ್ಸಿಗೂ ಕುಂಕುಮ ಇಡದೆ ಸ್ವಿಚ್ ಹಾಕಿದವಳಲ್ಲ ನಾನು. ದೇವರ ಮುಂದೆ ಸಾಲಾಗಿ ನಿಲ್ಲಿಸಿ, ಅಳಿಸದಿರಲೆಂದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಒಂದೊಂದರ ತಲೆಗೆ ಒಂದೊಂದು ಬೊಟ್ಟು ಇಟ್ಟೆ. ತಲೆಯೆಂದು ನನಗೆ ಕಂಡದ್ದು ಆ ತಿರುಪು.

ಈಗ ಫೋನಿನಲ್ಲಿ ಮೈದುನ ಹೇಳುತ್ತಿದ್ದ: "ಮಾಲೇ ಖರಾಬಿರಬೇಕು ಅಂತಾನೆ ಫಿಟ್ಟರ್. ಬದಲಿಸ್ಲಿಕ್ಕೆ ವಾರ ಬೇಕು."

ಕೋಣೆಯಿಂದ ನಮ್ಮವರು ಕರೆದರು. ಫೋನು ಅವರ ಎದೆಯ ಮೇಲಿಟ್ಟೆ. "ತಿರುಪು ಎಷ್ಟಕ್ಕೆ ಇಟ್ಟಿದ್ದಾನೆ, ಕೇಳು ಅವನನ್ನ."

ಫಿಟ್ಟರ್ ವಿಜಯಪುರದ ಕಡೆಯವ. ಅವನೇ ಫೋನು ತೆಗೆದುಕೊಂಡ. "ನಿಮ್ ತಮ್ಮಾರು ಹನ್ನೆರಡು ಅಂದ್ರು ಖರೆ. ಆದ್ರ ತಿರುಪಿನ ಮ್ಯಾಲೆ ಕೆಂಪು ನಿಶಾನಿ ಇತ್ತಲ್ರೀ ಸಾಹೇಬ್ರ. ಅಂಗಡ್ಯಾವ್ರು ಅಳತಿ ಹಾಕಿ ಹಚ್ಯಾರ ಅಂತ, ನಾಲ್ಕೂ ನಿಶಾನಿ ಬಾಣದ ಗುರ್ತಿಗೆ ಸರೀ ಕೂಡಿಸೀನಿ."

"ಅದು ನಾನು ಇಟ್ಟದ್ದು," ಎಂದೆ. "ಕುಂಕುಮ. ಬೆರಳು ಬಿದ್ದಲ್ಲಿ ಇಟ್ಟದ್ದು, ಅಳತೆ ಗಿಳತೆ ಏನೂ ಇಲ್ಲ."

ನಮ್ಮವರು ಕಣ್ಣು ಮುಚ್ಚಿದರು. ಬೈಯುತ್ತಾರೆ ಎಂದುಕೊಂಡೆ. ಅವರ ಹೊಟ್ಟೆ ಕುಲುಕುತ್ತಿತ್ತು. "ನಗಿಸ್ಬೇಡ ಮಾರಾಯ್ತಿ, ಬೆನ್ನು ಎಳೀತದೆ. ನಮ್ಮ ಕಾರ್ಖಾನೆಯಲ್ಲೂ ಕೆಂಪು ಗುರುತು ಕಂಡ್ರೆ ಯಾರೂ ಅಲುಗಾಡಿಸ್ತಿರ್ಲಿಲ್ಲ. ಅವನದ್ದೇನು ತಪ್ಪು?"

"ಮೊದಲ ಹೇಳಬಾರದೇನ್ರಿ ಅಕ್ಕಾರ," ಎಂದ ಫಿಟ್ಟರ್. "ದೇವರ ಲೆಕ್ಕದಾಗ ಗಾಡಿ ಕೂಡಿಸಿಬಿಟ್ಟೀನಿ!"

ಅವರಿಗೆಲ್ಲ ನಗು. ನನಗೆ ನಗು ಬರಲಿಲ್ಲ. ನಾಲ್ಕನ್ನೂ ಕೊನೆಯವರೆಗೆ ಮೆದು ಮಾಡಿ, ಅಲ್ಲಿಂದ ಹನ್ನೆರಡು ಎಣಿಸು ಎಂದು ಇವರು ಹೇಳಿದರು. ಅಷ್ಟಕ್ಕೇ ಸರಿಹೋಗುತ್ತದೆಂದು ಯಾರಿಗೆ ಗೊತ್ತು? ಒಂದು ತಾಸು ಫೋನಿಲ್ಲ. ನನ್ನ ಬೊಟ್ಟಿನಿಂದ ಅವರು ನೋವು ತಿನ್ನುವುದು ಬೇಡ ಕೃಷ್ಣಾ, ಎಂದಷ್ಟೇ ಕೇಳಿಕೊಂಡೆ. ದೊಡ್ಡ ಹರಕೆ ಹೊರಲು ಬಾಯಿ ಬರಲಿಲ್ಲ.

ಎರಡು ಗಂಟೆಗೆ ಕಾರು ಬಂತು. ಲಿಫ್ಟ್ ಕೆಟ್ಟಿರಲಿಲ್ಲ, ಅದೊಂದು ದಯೆ. ಮಳೆ ಹಿಡಿದಿರಲಿಲ್ಲ, ಅದಿನ್ನೊಂದು. ಮುಂದಿನ ಸೀಟು ಬಾಗಿಸಿ ಇವರನ್ನು ಮಲಗಿಸಿದೆವು. ನಾನು ಹಿಂದೆ ಕೂತು ಅವರ ಭುಜದ ಮೇಲೆ ಕೈಯಿಟ್ಟೆ. ಅವರು ನನ್ನ ಮಣಿಕಟ್ಟು ಹಿಡಿದರು, ಬಳೆ ಒತ್ತುವಷ್ಟು ಬಿಗಿಯಾಗಿ.

ಶಿಳ್‌ಫಾಟಾ ಬಂತು. ಮೈದುನ ನಿಧಾನ ಮಾಡಿದ. ಎಡಕ್ಕೆ ಲಾರಿ, ಬಲಕ್ಕೆ ರಿಕ್ಷಾ; ಆ ಗುಂಡಿ ತಪ್ಪಿಸಲು ಜಾಗವಿರಲಿಲ್ಲ. ಚಕ್ರ ಇಳಿಯಿತು, ಹತ್ತಿತು, ಕಾರು ಒಮ್ಮೆ ತಲೆಯಾಡಿಸಿ ಸುಮ್ಮನಾಯಿತು. ಅವರು "ಹ್ಞಾ" ಎಂದರು, ಅಷ್ಟೇ.

ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು: "ಆ ಗುಂಡಿ ಬಂತಾ?"

"ಆಗಲೇ ಹೋಯ್ತು," ಎಂದೆ.

ಮಣಿಕಟ್ಟಿನ ಹಿಡಿತ ಸಡಿಲಾಯಿತು.

ಡಾಕ್ಟರಿಗೆ ತೋರಿಸಿ ಮನೆಗೆ ಮರಳುವಾಗ ಏಳು ಗಂಟೆ. ಅವರನ್ನು ಮಲಗಿಸಿ ಅಡುಗೆಮನೆಗೆ ಹೋದರೆ, ತೊಳೆಯುತ್ತಾ ಬಿಟ್ಟುಹೋದ ಅಕ್ಕಿ ನೀರಲ್ಲೇ ಇತ್ತು. ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ನೆನೆದಿತ್ತು. ನೀರು ಬದಲಿಸಿ, ಅರ್ಧ ತೆಂಗಿನಕಾಯಿ ತುರಿದು, ರುಬ್ಬಲು ಹಾಕಿದೆ.