ಬಕೆಟ್ಟಿನ ಬ್ರಹ್ಮಕಮಲ

ಆಗೆಲ್ಲ ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಾದರೂ ಬ್ರಹ್ಮಕಮಲ ಅರಳುತ್ತದೆ ಅಂದರೆ ಸಾಕು, ಎಲ್ಲರ ಊಟವೂ ಬೇಗ ಮುಗಿದುಹೋಗುತ್ತಿತ್ತು. ಸಂಜೆಯೇ ಆ ಮನೆಯ ಮಕ್ಕಳು ಬೀದಿಯೆಲ್ಲ ಸುತ್ತಿ ಕರೆದು ಬರಬೇಕು. ಕುಂಡದ ಮುಂದೆ ರಂಗೋಲಿ, ಹೂವು ಬಿರಿದ ಮೇಲೆ ಆರತಿ, ಕೊನೆಗೆ ಲೋಟದಲ್ಲಿ ಬಾದಾಮಿ ಹಾಲು. ಸುಳ್ಳೇಕೆ ಹೇಳಲಿ, ನನಗೆ ಹೂವಿಗಿಂತ ಹಾಲಿನ ಮೇಲೇ ಆಸೆ. ಎಲ್ಲರಿಗೂ ಸ್ಟೀಲ್ ಲೋಟ, ನನಗೆ ಮಾತ್ರ ಪೇಪರ್ ಲೋಟದಲ್ಲಿ ಕೊಡುತ್ತಿದ್ದರು. ಮದುವೆಮನೆಯ ಲೋಟ ಅಂತ ನನಗೆ ಅದೇ ಒಂದು ಹೆಮ್ಮೆ.

ನಾವು ಹಳ್ಳಿಮೈಸೂರಿನ ಕಡೆಯಿಂದ ಬಂದವರು. ಅಪ್ಪ ಲೈನ್‌ಮನ್. ಮನೆಯಲ್ಲಿ ದೇವರಗೂಡು ಇರಲಿಲ್ಲ, ನಡುಮನೆಯ ಗೋಡೆಗೆ ಬುದ್ಧನ ಪಟ ಮಾತ್ರ. ಬಾಗಿಲಿನಿಂದ ಅದು ಕಂಡ ಮೇಲೆ ನಾವು ಯಾವ ಜನ ಅಂತ ಬೀದಿಯವರು ಬಾಯಿಬಿಟ್ಟು ಕೇಳಲಿಲ್ಲ. ಅಷ್ಟೊಂದು ಮರ್ಯಾದಸ್ಥರು. ಪಕ್ಕದ ಮನೆಯ ಮಂಗಳ ಮಾತ್ರ ದಿನಾ ಸಂಜೆ ನಮ್ಮ ಗೇಟಿನ ಮುಂದೆ ಕುಂಟೆಬಿಲ್ಲೆ ಆಡಲು ಬರುತ್ತಿದ್ದಳು. ನನಗಿದ್ದ ಗೆಳತಿ ಅಂದರೆ ಅವಳೊಬ್ಬಳೇ.

ಅರಕಲಗೂಡಿನ ಚಿಕ್ಕಮ್ಮ ಕೊಟ್ಟ ಒಂದು ಎಲೆಯನ್ನು ಅವ್ವ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು, ತೂತು ಬಿದ್ದ ಬಕೆಟ್ಟಿಗೆ ಮರಳು, ಗೊಬ್ಬರ ತುಂಬಿ ನೆಟ್ಟಳು. ಅದು ಕಳ್ಳಿಯ ಜಾತಿ, ನೀರು ಜಾಸ್ತಿಯಾದರೆ ಕೊಳೆಯುತ್ತದೆ. ನಾನೋ ಪ್ರೀತಿ ಉಕ್ಕಿ ಚೊಂಬುಗಟ್ಟಲೆ ಸುರಿದು ಬೈಸಿಕೊಳ್ಳುತ್ತಿದ್ದೆ. ಎಲೆಯಿಂದ ಎಲೆ ಬಂತು, ಗಿಡ ಕಿಟಕಿಯ ಸರಳು ಹಿಡಿದು ಏರಿತು, ಹೂವಿನ ಸುದ್ದಿಯೇ ಇಲ್ಲ. ಕೊನೆಗೊಂದು ಆಷಾಢದಲ್ಲಿ ಎಲೆಯ ಅಂಚಿಗೆ ಕೆಂಪನೆಯ ಮೊಗ್ಗು ಮೂಡಿತು. ಜೋತುಬಿದ್ದು ಬೆಳೆದ ಅದು ಒಂದು ದಿನ ಕೊಕ್ಕರೆಯ ಹಾಗೆ ಕತ್ತು ಎತ್ತಿತು. ಇವತ್ತೇ ಅರಳೋದು ಅಂದಳು ಅವ್ವ.

ನಾನು ಒಂದು ಮನೆ ಬಿಡದೆ ಕರೆದು ಬಂದೆ. ಅವ್ವ ದೊಡ್ಡ ತಪ್ಪಲೆ ತುಂಬ ಶ್ಯಾವಿಗೆ ಪಾಯಸ ಮಾಡಿದಳು. ಇದ್ದಬದ್ದ ಸ್ಟೀಲ್ ಲೋಟಗಳನ್ನೆಲ್ಲ ಫಳಫಳ ಉಜ್ಜಿ ಸಾಲಾಗಿ ಬೋರಲು ಹಾಕಿದಳು. ಅಪ್ಪ ಅಂಗಳಕ್ಕೆ ವೈರು ಎಳೆದು ಹೊಸ ಬಲ್ಬು ಹಾಕಿದ.

ಊಟದ ಹೊತ್ತು ಕಳೆಯಿತು. ಹೂವು ಬಿಚ್ಚಿಕೊಳ್ಳತೊಡಗಿತು, ಘಮ ಅಂಗಳವೆಲ್ಲ ತುಂಬಿತು. ಗೇಟು ಮಾತ್ರ ಸದ್ದು ಮಾಡಲಿಲ್ಲ. ತಡೆಯಲಾರದೆ ಮಂಗಳನ ಮನೆಗೆ ಓಡಿದೆ. ಬೀದಿಯವರೆಲ್ಲ ಅಲ್ಲೇ ಜಗುಲಿಯ ಮೇಲೆ ಕೂತಿದ್ದರು, ಆರತಿ ತಟ್ಟೆ ಕೂಡ ಸಿದ್ಧವಾಗಿತ್ತು. ಮಂಗಳನ ಅಮ್ಮ ಬಲು ಅಕ್ಕರೆಯಿಂದಲೇ ಹೇಳಿದರು.

"ನಿಮ್ಮನೇಲಿ ಪೂಜೆ ಗೀಜೆ ಇಲ್ವಲ್ಲ ಪುಟ್ಟಿ, ಪಾಪ. ಗಿಡ ಇಲ್ಲಿಗೇ ತಂದ್ಬಿಡ್ರಿ, ಎಲ್ಲಾರೂ ನೋಡ್ತೀವಿ."

ನನಗೆ ಎಲ್ಲಿಲ್ಲದ ಖುಷಿ. ಓಡಿ ಬಂದು ವಿಷಯ ಹೇಳಿ ಬಕೆಟ್ಟಿಗೆ ಕೈ ಹಾಕಿದೆ. ಅವ್ವ ಕೈ ಹಿಡಿದುಕೊಂಡಳು.

"ಊವ ಬಿಟ್ಟಿರೋ ತಾವ್ಕೆ ಜನ ಬರ್ಬೇಕು ಕಣವ್ವ. ಜನ ಇರೋ ತಾವ್ಕೆ ಊವ ಓಗಕಿಲ್ಲ."

ಅಪ್ಪ ಎದ್ದು ಬಲ್ಬು ಆರಿಸಿದ. ಮೂವರೂ ಕತ್ತಲಲ್ಲೇ ಕೂತು ಪಾಯಸ ಕುಡಿದೆವು. ಅಂಗೈ ಅಗಲದ ಬಿಳಿ ಹೂವು ಆ ಕತ್ತಲಲ್ಲೂ ಕಾಣುತ್ತಿತ್ತು. ಪಕ್ಕದ ಜಗುಲಿಯಿಂದ ಮಾತು, ನಗು ಕೇಳಿಸುತ್ತಿತ್ತು. ಅಪ್ಪ ಅವ್ವನ ನಡುವೆ ಕೂತೂ ಅಷ್ಟು ಒಂಟಿ ಅನ್ನಿಸಿದ್ದು ನನಗೆ ಅದೇ ಮೊದಲು.

ಬೆಳಿಗ್ಗೆ ಹೂವು ಹಿಂಡಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಪಾಯಸ ಗಂಟುಕಟ್ಟಿತ್ತು. ಮಂಗಳ ಗೇಟಿನಾಚೆ ನಿಂತು ಹೂ ಹೆಂಗಿತ್ತೇ ಎಂದು ಕೇಳಿದಳು, ಚೆನ್ನಾಗಿತ್ತು ಅಂದೆ. ಸಂಜೆ ಎಂದಿನಂತೆ ಆಡಿದೆವು. ಆದರೆ ಇಷ್ಟು ದಿನವೂ ಅವಳು ಗೇಟು ದಾಟಿ ಒಳಗೆ ಬಂದೇ ಇಲ್ಲ ಅನ್ನುವುದು ಅವತ್ತು ಹೊಳೆಯಿತು. ಪೇಪರ್ ಲೋಟವೂ ನೆನಪಾಯಿತು. ಬಿಲ್ಲೆ ಎಸೆಯಲು ಮನಸ್ಸೇ ಬರಲಿಲ್ಲ.

ಈಗ ನಾನು ಹಾಸನದಲ್ಲಿದ್ದೇನೆ. ಅವ್ವ ಇಲ್ಲ. ಅವಳ ಗಿಡದ ಎಲೆಯಿಂದ ಬೆಳೆದದ್ದು ನನ್ನ ಟೆರೇಸಿನ ಮೇಲೆ ಗೊಂಚಲು ಗೊಂಚಲು ಹೂ ಬಿಡುತ್ತದೆ. ಅದಕ್ಕಾಗಿ ಯಾರೂ ಊಟ ಬೇಗ ಮುಗಿಸುವುದಿಲ್ಲ, ನಾನೂ ಯಾರನ್ನೂ ಕರೆಯುವುದಿಲ್ಲ. ಫೋನಿನಲ್ಲಿ ಫೋಟೊ ಹಾಕಿದರೆ ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬೀಳುತ್ತವೆ, ಅಷ್ಟೇ. ಹೋದ ಆಷಾಢದಲ್ಲಿ ಫೋಟೊ ನೋಡಿದ ಮಂಗಳ, ನನಗೂ ಒಂದು ಎಲೆ ಬೇಕು, ಬಸ್ಸಿನವರ ಕೈಯಲ್ಲಿ ಕಳಿಸು ಎಂದು ಬರೆದಳು. ಮನೆಗೇ ಬಾರೇ, ಪಾಯಸ ಮಾಡಿರುತ್ತೇನೆ ಅಂತ ಬರೆದೆ. ಅವಳು ಓದಿದ ಗುರುತು ಬಿತ್ತು, ಉತ್ತರ ಬರಲಿಲ್ಲ.

ಅವಳಿಗೆಂದು ಕತ್ತರಿಸಿ ಅವ್ವನ ಸ್ಟೀಲ್ ಲೋಟದಲ್ಲಿಟ್ಟ ಎಲೆ ಕಿಟಕಿಯಲ್ಲೇ ಬೇರು ಬಿಟ್ಟಿದೆ.