ಕೆಂಪು ಟೊಪ್ಪಿಗೆಯ ಕುಳ್ಳ

ನಾಸಿಕ್‌ನಲ್ಲಿ ನಮಗೆ ಸಿಕ್ಕ ಬಾಡಿಗೆ ಮನೆಯ ಮುಂದೆ ಒಂದು ಚಿಕ್ಕ ಅಂಗಳವಿತ್ತು. ಅಲ್ಲಿ ತುಳಸಿ ಅತ್ತೆಯದು, ರಂಗೋಲಿ ಅತ್ತೆಯದು, ಸಂಡಿಗೆ ಒಣಗುವ ಬಿಸಿಲೂ ಅತ್ತೆಯದೇ. ಮದುವೆಯಾಗಿ ಒಂಬತ್ತು ವರ್ಷವಾದರೂ ಮನೆಯ ಒಂದು ಪರದೆಯ ಬಣ್ಣವನ್ನು ಕೂಡ ನಾನು ಆರಿಸಿರಲಿಲ್ಲ. ಬಾಯಿ ಬಿಟ್ಟರೆ, ನಿನಗೇನು ತಿಳಿಯುತ್ತದೆ ಎಂಬ ಒಂದೇ ಉತ್ತರ. ಬ್ಯಾಂಕಿನಲ್ಲಿ ಹತ್ತು ಜನರನ್ನು ಗದರಿಸುತ್ತಿದ್ದ ನನ್ನ ಗಂಡ ತಾಯಿಯ ಮುಂದೆ ಬಾಯಿಗೆ ಬೀಗ ಹಾಕಿಕೊಂಡಿರುತ್ತಿದ್ದರು.

ಅಂಗಳದ ಮೂಲೆಗೆ ಒಂದು ಗೊಂಬೆ ಬೇಕೆಂದು ನಾನು ಹಟ ಹಿಡಿದೆ. ಮಗಳ ಇಂಗ್ಲಿಷ್ ಕಥೆಪುಸ್ತಕದಲ್ಲಿ ನೋಡಿದ್ದೆ: ಚೂಪು ಕೆಂಪು ಟೊಪ್ಪಿಗೆ, ಹೊಟ್ಟೆಯ ತನಕ ಬಿಳಿ ಗಡ್ಡ, ಕೈಯಲ್ಲೊಂದು ಕಂದೀಲು ಹಿಡಿದ ಕುಳ್ಳ ಮುದುಕ. ಇಂಗ್ಲೆಂಡಿನ ಕಡೆಯವರು ಅವನನ್ನು ಹೂಗಿಡಗಳ ನಡುವೆ ನಿಲ್ಲಿಸುತ್ತಾರಂತೆ. ಓಝರ್ ರಸ್ತೆಯ ನರ್ಸರಿಯೊಂದರಲ್ಲಿ ಅಂಥವು ಸಾಲಾಗಿ ನಿಂತಿದ್ದವು. ಕಪ್ಪು ಕನ್ನಡಕದವನು, ಮೊಬೈಲ್ ಹಿಡಿದವನು, ಹಲ್ಲು ಕಿರಿಯುತ್ತ ಅಂಗಾತ ಮಲಗಿದವನು. ನನಗೆ ಹಳೆಯ ಕಾಲದವನೇ ಬೇಕಿತ್ತು. ಮೂರು ಭಾನುವಾರ ಅಲೆದು ಕೊನೆಗೆ ಒಬ್ಬನನ್ನು ಹಿಡಿದೆ. ಮೂರನೆಯ ಸಲ ಅತ್ತೆಯೂ ಬಂದಿದ್ದರು. ನಾನು ಜಗಳಕ್ಕೆ ತಯಾರಾಗಿಯೇ ಹೋಗಿದ್ದೆ. ಅವರು ಗೊಂಬೆಯ ಸುತ್ತ ಒಂದು ಸುತ್ತು ಹಾಕಿ, ಇದೇ ಇರಲಿ ಅಂದರು. ಗೆದ್ದೆನೆಂದುಕೊಂಡೆ, ಪೆದ್ದಿ ನಾನು.

ಮರುದಿನ ಬೆಳಿಗ್ಗೆ ಗೊಂಬೆ ನಾನಿಟ್ಟ ಮೂಲೆಯಲ್ಲಿರಲಿಲ್ಲ. ಗೇಟಿನ ಹತ್ತಿರ ರಸ್ತೆಗೆ ಮುಖ ಮಾಡಿ ನಿಂತಿತ್ತು. ಕೆನ್ನೆಗೆ ಕಾಡಿಗೆಯ ಬೊಟ್ಟು, ಕೊರಳಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ನಮ್ಮ ಬಿಜಾಪುರದ ಕಡೆ ಮನೆಗೆ ಕಣ್ಣು ತಾಗದಿರಲೆಂದು ವಿಕಾರ ಮುಖದ ದೃಷ್ಟಿಗೊಂಬೆ ನಿಲ್ಲಿಸುತ್ತಾರಲ್ಲ, ಅತ್ತೆ ನನ್ನ ಕುಳ್ಳನನ್ನು ಅದೇ ಮಾಡಿಬಿಟ್ಟಿದ್ದರು. ಅವತ್ತೇ ನಮ್ಮೂರ ಕಡೆಯ ನೆರೆಮನೆಯಾಕೆಗೆ ಹೇಳುತ್ತಿದ್ದುದನ್ನು ಕಿವಿಯಾರೆ ಕೇಳಿದೆ.

"ಇಲ್ಲಿ ದೃಷ್ಟಿಗೊಂಬಿ ಸಿಗಂಗಿಲ್ಲ ನೋಡ್ರಿ. ನಮ್ಮ ಸೊಸಿ ಆರಿಸ್ಯಾಳ. ಇದಕ್ಕಿಂತ ಹೊಲಸ ಮಾರಿ ಇಡೀ ಅಂಗಡ್ಯಾಗ ಇರಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ಕಾಡಿಗೆ ಒರೆಸಿದೆ. ಮರುದಿನ ಮತ್ತೆ ಹಚ್ಚಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು, ನಾನು ಒರೆಸುವುದು, ಅವರು ಹಚ್ಚುವುದು. ಅಡುಗೆಮನೆಯ ಕಿಟಕಿಯಿಂದ ನನಗೆ ಕಾಣುತ್ತಿದ್ದುದು ಕುಳ್ಳನ ಬೆನ್ನು ಮಾತ್ರ.

ಆಮೇಲೆ ಗಂಡನಿಗೆ ಔರಂಗಾಬಾದಿಗೆ ವರ್ಗವಾಯಿತು. ಗೊಂಬೆಯನ್ನು ನಾಸಿಕ್‌ನಲ್ಲೇ ಬಿಡಬೇಕೆಂದರು ಅತ್ತೆ. ಊರ ಮಂದಿಯ ಕಣ್ಣೆಲ್ಲ ತೆಗೆದುಕೊಂಡ ಗೊಂಬೆ ಹೊಸ ಮನೆಗೆ ಬರಬಾರದಂತೆ. ನಾನು ಅದನ್ನು ಹಳೆ ಸೀರೆಯಲ್ಲಿ ಸುತ್ತಿ ಲಾರಿಗೆ ಹಾಕಿಸಿದೆ. ಹೊಸ ಮನೆಯ ಅಂಗಳದಲ್ಲಿ ಸೀರೆ ಬಿಚ್ಚಿದ್ದೇ ತಡ, ಅತ್ತೆ ಗೇಟಿನ ಹೊರಗೇ ನಿಂತುಬಿಟ್ಟರು.

"ಈ ಮನ್ಯಾಗ ಒಂದು ಅದು ಇರಬೇಕು, ಇಲ್ಲಾ ನಾ ಇರಬೇಕು."

ಗಂಡ ತಮ್ಮ ಚಪ್ಪಲಿ ನೋಡುತ್ತ ನಿಂತರು. ಅವರು ಬಾಯಿ ಬಿಡಲೆಂದು ಕಾಯುವುದು ನನಗೆ ಸಾಕಾಗಿತ್ತು.

"ಗೊಂಬಿ ಇರಲ್ರಿ, ಅತ್ಯಾರ" ಅಂದೆ.

ಅವತ್ತೇ ಮಧ್ಯಾಹ್ನ ಅತ್ತೆ ಬಿಜಾಪುರದ ದೊಡ್ಡ ಮಗನ ಮನೆಗೆ ಬಸ್ಸು ಹತ್ತಿದರು. ಮತ್ತೆಂದೂ ನಮ್ಮ ಮನೆಗೆ ಬಂದು ಇರಲಿಲ್ಲ. ಗಂಡ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು. ಪಶ್ಚಾತ್ತಾಪವಾಯಿತೆಂದು ಬರೆದರೆ ಸುಳ್ಳಾಗುತ್ತದೆ.

ಗೊಂಬೆಯ ಮುಖವನ್ನು ಸೋಪು ಹಚ್ಚಿ ತೊಳೆದು ಅಡುಗೆಮನೆಯ ಕಿಟಕಿಗೆ ಎದುರಾಗಿ ನಿಲ್ಲಿಸಿದೆ. ಪಾತ್ರೆ ತೊಳೆಯುತ್ತ ದಿನವೂ ಅದನ್ನೇ ನೋಡುತ್ತಿದ್ದೆ. ಮೂಗು ಸೊಟ್ಟ, ಒಂದು ಕಣ್ಣು ಮೇಲೆ, ಒಂದು ಕೆಳಗೆ, ಗಡ್ಡದೊಳಗೆ ಕೊಂಕು ನಗೆ. ಅತ್ತೆ ಹೇಳಿದ್ದು ನಿಜ, ಅಷ್ಟು ಹೊಲಸು ಮುಖ ಆ ಅಂಗಡಿಯಲ್ಲಿ ಇನ್ನೊಂದಿರಲಿಲ್ಲ. ಇರಲಿ, ಆರಿಸಿದವಳು ನಾನು.